ಗೋಧಿ ಬಿಟ್ಟರೂ ಹೊಟ್ಟೆ ಸರಿಹೋಗದಿದ್ದರೆ: ಸೀಲಿಯಾಕ್ ಇರುವವರು ಎಲ್ಲಿಂದ ಹುಡುಕಬೇಕು

ಸೀಲಿಯಾಕ್ ಕಾಯಿಲೆ ಎಂದು ಗೊತ್ತಾಗಿ, ಚಪಾತಿ, ಬ್ರೆಡ್ಡು, ಉಪ್ಪಿಟ್ಟು ಎಲ್ಲ ಬಿಟ್ಟು ಆರೇಳು ತಿಂಗಳಾದರೂ ಹೊಟ್ಟೆ ಉಬ್ಬರ, ಭೇದಿ, ನೋವು ನಿಲ್ಲುವುದಿಲ್ಲ ಎನ್ನುವವರು ಬಹಳ. ಇವರಲ್ಲಿ ಕೆಲವರು ಹಾಲು, ಬೇಳೆ, ಈರುಳ್ಳಿ, ಹಣ್ಣು ಎಂದು ಒಂದೊಂದೇ ಬಿಡುತ್ತಾ ಹೋಗಿ ಕೊನೆಗೆ ಬರೀ ಅನ್ನ ಮಜ್ಜಿಗೆಗೆ ಬಂದು ನಿಲ್ಲುತ್ತಾರೆ. ಇನ್ನು ಕೆಲವರು "ಪಥ್ಯ ಮಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ" ಎಂದು ಮತ್ತೆ ಚಪಾತಿಗೆ ಕೈಹಾಕುತ್ತಾರೆ. ಎರಡೂ ತಪ್ಪು. ಕಾರಣ ಹುಡುಕುವುದಕ್ಕೆ ಒಂದು ಕ್ರಮವಿದೆ. ಊಟದಲ್ಲಿ ಇನ್ನೂ ಗ್ಲುಟೆನ್, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಪ್ರೋಟೀನು, ಸೇರುತ್ತಿದೆಯೇ ಎಂಬುದು ಮೊದಲ ಪ್ರಶ್ನೆ. ಏಕೆಂದರೆ ಪಥ್ಯದಲ್ಲಿದ್ದೂ ತೊಂದರೆ ನಿಲ್ಲದವರಲ್ಲಿ ಅತಿ ಹೆಚ್ಚಾಗಿ ಸಿಗುವ ಕಾರಣ ಅದೇ. ಆಮೇಲೆ ಹಾಲು, ಆಮೇಲೆ ಬೇಳೆ, ಈರುಳ್ಳಿ ಮತ್ತು ನಾರು. ಇಷ್ಟಕ್ಕೂ ಬಗ್ಗದಿದ್ದರೆ ಬೇರೆ ಕಾಯಿಲೆಗಳ ಪರೀಕ್ಷೆ.

ಒಂದು ವಿನಾಯಿತಿ ಮಾತ್ರ ಇದೆ. ತೂಕ ಇಳಿಯುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ನಿದ್ದೆಯಿಂದ ಎಬ್ಬಿಸುವಷ್ಟು ಭೇದಿ ಇದ್ದರೆ, ಜ್ವರ, ನಿಲ್ಲದ ವಾಂತಿ, ಏರುತ್ತಿರುವ ರಕ್ತಹೀನತೆ ಅಥವಾ ತಡೆಯಲಾರದ ಹೊಟ್ಟೆನೋವು ಇದ್ದರೆ ಈ ಹಂತಗಳನ್ನು ದಾಟುತ್ತ ಕೂರಬೇಡಿ. ನೇರವಾಗಿ ಗ್ಯಾಸ್ಟ್ರೋಎಂಟರಾಲಜಿ ವೈದ್ಯರ ಬಳಿ ಹೋಗಿ.

ಎಷ್ಟು ದಿನ ಕಾಯಬೇಕು

ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಒಳಗೆ ಹೋದಾಗ ಸೀಲಿಯಾಕ್ ಇರುವವರ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಆಹಾರ ಹೀರಿಕೊಳ್ಳುವ, ಬೆರಳಿನಾಕಾರದ ವಿಲ್ಲೈ ಎಂಬ ಎಳೆಗಳು ಸವೆದು ಚಪ್ಪಟೆಯಾಗುತ್ತವೆ. ಗ್ಲುಟೆನ್ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಹಲವರಿಗೆ ಹಾಯೆನಿಸುತ್ತದೆ, ನಿಜ. ಆದರೆ ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಟಿಟಿಜಿ ಐಜಿಎ ಎಂಬ ಪ್ರತಿಕಾಯದ ಮಟ್ಟ ಇಳಿಯಲು ಆರು ತಿಂಗಳಿಂದ ಒಂದು ವರ್ಷ, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಬೇಕು. ದೊಡ್ಡವರಲ್ಲಿ ಕರುಳಿನ ಒಳಪದರ ಮತ್ತೆ ಬೆಳೆಯಲು ಎರಡು ವರ್ಷ ದಾಟುವುದೂ ಉಂಟು, ಮಕ್ಕಳಲ್ಲಿ ಬೇಗ. ಹಾಗಾಗಿ ಮೂರನೇ ತಿಂಗಳಲ್ಲಿ ಆಗಾಗ ಹೊಟ್ಟೆ ಕೆಡುವುದು ಗಾಬರಿ ಬೀಳುವ ವಿಷಯವಲ್ಲ. ದಿನದಿಂದ ದಿನಕ್ಕೆ ಸ್ವಲ್ಪವೂ ಸುಧಾರಿಸುತ್ತಿಲ್ಲ ಎಂದರೆ, ಅಥವಾ ಸುಧಾರಿಸಿದ್ದು ಮತ್ತೆ ಕೆಟ್ಟರೆ ಹುಡುಕಾಟ ಶುರುಮಾಡಿ.

ಮೊದಲು ಒಂದು ನೋಟ್‌ಬುಕ್ಕು

ಎರಡು ವಾರ ಏನನ್ನೂ ಬದಲಾಯಿಸದೆ ಬರೆದಿಡಿ. ಏನು ತಿಂದಿರಿ, ಎಷ್ಟು ಗಂಟೆಗೆ, ಎಲ್ಲಿ, ಯಾವ ಪ್ಯಾಕೆಟ್ಟಿನದು. ಹೊಟ್ಟೆ ಯಾವಾಗ ಕೆಟ್ಟಿತು, ಎಷ್ಟು ಸಲ ಹೋದಿರಿ, ಮಲ ನೀರಾಗಿತ್ತೋ, ಗಟ್ಟಿಯೋ, ಎಣ್ಣೆಯಂತೆ ತೇಲುತ್ತಿತ್ತೋ. ನುಂಗುವ ಮಾತ್ರೆ, ಟಾನಿಕ್ಕು, ಕಷಾಯದ ಪುಡಿಯನ್ನೂ ಬರೆಯಿರಿ. "ಸಾರು ಅನ್ನ" ಎಂದು ಬರೆದರೆ ಪ್ರಯೋಜನವಿಲ್ಲ. ಸಾರಿನ ಪುಡಿ ಮನೆಯದೋ ಅಂಗಡಿಯದೋ, ಒಗ್ಗರಣೆಗೆ ಇಂಗು ಬಿತ್ತೋ ಇಲ್ಲವೋ ಎಂಬಷ್ಟು ವಿವರ ಬೇಕು. ಮುಂದೆ ವೈದ್ಯರ ಬಳಿ ಹೋದಾಗ ಇದಕ್ಕಿಂತ ಬೆಲೆಬಾಳುವ ಕಾಗದ ಇನ್ನೊಂದಿಲ್ಲ.

ಗ್ಲುಟೆನ್ ಎಲ್ಲಿಂದ ನುಸುಳುತ್ತದೆ

ಲೆಕ್ಕ ಗೊತ್ತಿದ್ದರೆ ಜಾಗ್ರತೆ ತಾನಾಗಿ ಬರುತ್ತದೆ. ಸೀಲಿಯಾಕ್ ಇರುವ ಹೆಚ್ಚಿನವರು ದಿನಕ್ಕೆ 10 ಮಿಲಿಗ್ರಾಂ ವರೆಗಿನ ಗ್ಲುಟೆನ್ ತಡೆದುಕೊಳ್ಳುತ್ತಾರೆ. ದಿನವೂ 50 ಮಿಲಿಗ್ರಾಂ ಹೋದರೆ ಕೆಲವೇ ತಿಂಗಳಲ್ಲಿ ಕರುಳು ಮತ್ತೆ ಹಾಳಾಗುತ್ತದೆ. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ ಸುಮಾರು 2,000 ಮಿಲಿಗ್ರಾಂ ಇರುತ್ತದೆ. ಅಂದರೆ ನಾವು ಹುಡುಕುತ್ತಿರುವುದು ಚಪಾತಿಯನ್ನಲ್ಲ, ಚಪಾತಿಯ ಪುಡಿಯನ್ನು.

ನಮ್ಮ ಅಡುಗೆಮನೆಯಲ್ಲಿ ಮೊದಲ ಅನುಮಾನ ಇಂಗಿನ ಮೇಲೆ. ಡಬ್ಬಿಯಲ್ಲಿ ಸಿಗುವ ಪುಡಿ ಇಂಗು ಅಪ್ಪಟ ಇಂಗಲ್ಲ. ಅಂಟು ಮತ್ತು ಹಿಟ್ಟು ಬೆರೆಸಿ ಮಾಡಿದ್ದು, ಆ ಹಿಟ್ಟು ಬಹುಪಾಲು ಮೈದಾ. ಒಂದು ಒಗ್ಗರಣೆಗೆ ಅರ್ಧ ಗ್ರಾಂ ಇಂಗು, ಅದರಲ್ಲಿ ಅರ್ಧದಷ್ಟು ಮೈದಾ ಎಂದುಕೊಳ್ಳಿ. ಮೈದಾದಲ್ಲಿ ನೂರಕ್ಕೆ ಹತ್ತು ಪಾಲು ಗ್ಲುಟೆನ್ ಎಂದು ಹಿಡಿದರೆ ಪಾತ್ರೆಗೆ ಬಿದ್ದದ್ದು 25 ಮಿಲಿಗ್ರಾಂ. ನಾಲ್ಕು ಜನ ಉಂಡರೆ ತಲೆಗೆ ಆರು. ಸಾರಿಗೊಮ್ಮೆ, ಪಲ್ಯಕ್ಕೊಮ್ಮೆ, ಮಜ್ಜಿಗೆಗೊಮ್ಮೆ ಎಂದರೆ ಒಂದೇ ಊಟಕ್ಕೆ ಹದಿನೆಂಟು. ಗೋಧಿಯ ಮುಖವನ್ನೇ ನೋಡದೆ ದಿನದ ಮಿತಿ ದಾಟಿಯಾಯಿತು. ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಫ್ರೀ ಎಂದು ಅಚ್ಚಾದ ಇಂಗು ಸಿಗುತ್ತದೆ. ಸಿಗದಿದ್ದರೆ ಇಂಗು ಬಿಟ್ಟು ಜೀರಿಗೆ, ಕರಿಬೇವು ಹಾಕಿ. ಅಂಗಡಿಯ ಸಾರಿನ ಪುಡಿ, ಹುಳಿಪುಡಿ, ಪುಳಿಯೋಗರೆ ಗೊಜ್ಜು, ಉದ್ದಿನ ಹಪ್ಪಳ, ನೆಂಟರು ಪ್ರೀತಿಯಿಂದ ಕಳಿಸಿದ ಉಪ್ಪಿನಕಾಯಿ, ಇವೆಲ್ಲದರಲ್ಲೂ ಇದೇ ಇಂಗು ಇರಬಹುದು.

ಎರಡನೆಯದು ಹಿಟ್ಟಿನ ಗಿರಣಿ. ರಾಗಿಯಲ್ಲಿ, ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ ಗೋಧಿ ಬೀಸಿದ ಯಂತ್ರದಲ್ಲೇ ರಾಗಿ ಬೀಸಿದರೆ ಕಲ್ಲಿನ ಸಂದಿ, ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆ, ಕೆಳಗಿಟ್ಟ ಡಬ್ಬ ಎಲ್ಲದರಿಂದಲೂ ಹಿಂದಿನವರ ಗೋಧಿ ಹಿಟ್ಟು ನಿಮ್ಮ ಚೀಲಕ್ಕೆ ಬರುತ್ತದೆ. ಒಂದು ಕಿಲೋ ರಾಗಿಗೆ ಒಂದು ಚಮಚ, ಅಂದರೆ ಮೂರು ಗ್ರಾಂ ಗೋಧಿ ಹಿಟ್ಟು ಸೇರಿತೆಂದರೆ ಅದು ಕಿಲೋಗೆ ಸುಮಾರು 300 ಮಿಲಿಗ್ರಾಂ ಗ್ಲುಟೆನ್. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪ್ರಕಾರ ಗ್ಲುಟೆನ್ ಫ್ರೀ ಎಂದು ಬರೆಯಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದು. ಹದಿನೈದು ಪಟ್ಟು! ರಾಗಿಗೆ ಬೇರೆ ಯಂತ್ರ ಇದೆ ಎಂದು ಗಿರಣಿಯವರು ಹೇಳಿದರೂ ಅದೇ ಕೋಣೆಯ ಗಾಳಿಯಲ್ಲಿ ಗೋಧಿ ಹಿಟ್ಟು ಹಾರುತ್ತಿರುತ್ತದೆ. ಇಡೀ ಕಾಳು ತಂದು, ಮೊರದಲ್ಲಿ ಹಾಕಿ ಗೋಧಿ ಕಾಳು ಬೆರೆತಿದೆಯೇ ನೋಡಿ, ತೊಳೆದು, ಚೆನ್ನಾಗಿ ಒಣಗಿಸಿ, ಮನೆಯಲ್ಲೇ ಬೀಸಿಕೊಳ್ಳುವುದು ಸರಿಯಾದ ದಾರಿ. ಮಿಕ್ಸಿಯಲ್ಲಾದರೆ ಒಂದು ಸಲಕ್ಕೆ 200 ಗ್ರಾಂ ಮೀರಬೇಡಿ, ಮಧ್ಯೆ ನಿಲ್ಲಿಸಿ ಆರಲು ಬಿಡಿ, ಜರಡಿ ಹಿಡಿದು ಉಳಿದ ತರಿಯನ್ನು ಮತ್ತೆ ತಿರುಗಿಸಿ. ತಿಂಗಳಿಗೆ ಹತ್ತು ಕಿಲೋ ಹಿಟ್ಟು ಬೇಕಾಗುವ ಮನೆಗೆ ಸಣ್ಣ ಗೃಹಬಳಕೆಯ ಗಿರಣಿ ಕೊಳ್ಳುವುದು ಒಳ್ಳೆಯದು. ಆದರೆ ಅದರಲ್ಲಿ ಒಂದು ದಿನವೂ ಗೋಧಿ ಬೀಸಬಾರದು.

ಮನೆಯಲ್ಲಿ ಉಳಿದವರು ಚಪಾತಿ ತಿನ್ನುವವರಾದರೆ ಕೆಲವು ಸಾಮಾನುಗಳು ನಿಮಗೆ ಬೇರೆಯೇ ಇರಬೇಕು. ಜರಡಿ, ಲಟ್ಟಣಿಗೆ ಮತ್ತು ಮಣೆ, ಮರದ ಸೌಟು, ಗೀರುಬಿದ್ದ ನಾನ್‌ಸ್ಟಿಕ್ ತವಾ, ಎಣ್ಣೆ ಕುಡಿದ ಕಾವಲಿ ಇಂಥವು. ಸ್ಟೀಲ್ ಪಾತ್ರೆ, ಗಾಜಿನ ಲೋಟ, ತಟ್ಟೆಗೆ ಸೋಪು ನೀರಿನ ತೊಳೆತ ಸಾಕು; ಅದಕ್ಕೂ ಹೊಸದು ಕೊಳ್ಳುವ ಅಗತ್ಯವಿಲ್ಲ. ಮಿಕ್ಸಿ ಜಾರಿನ ಬ್ಲೇಡಿನ ಕೆಳಗೆ, ಮುಚ್ಚಳದ ರಬ್ಬರಿನಲ್ಲಿ ಹಿಟ್ಟು ಕೂರುತ್ತದೆ, ಅದೊಂದು ಜಾರು ಪ್ರತ್ಯೇಕ ಇಡಿ. ನಿಮ್ಮ ಅಡುಗೆ ಮೊದಲು ಮಾಡಿ ಮುಚ್ಚಿಟ್ಟು, ಆಮೇಲೆ ಗೋಧಿ ಹಿಟ್ಟಿನ ಡಬ್ಬ ತೆಗೆಯಬೇಕು. ಕಾವಲಿ ಬಿಸಿಯಾದರೆ, ಎಣ್ಣೆ ಕುದಿದರೆ ಗ್ಲುಟೆನ್ ಸುಟ್ಟುಹೋಗುತ್ತದೆ ಎಂಬ ನಂಬಿಕೆ ಸುಳ್ಳು. ಪೂರಿ ಕರಿದ ಎಣ್ಣೆಯಲ್ಲಿ ಸಂಡಿಗೆ ಕರಿದರೆ ಆ ಸಂಡಿಗೆ ನಿಮಗಲ್ಲ.

ಇನ್ನು ಗೋಧಿ ಎಂದು ಹೊಳೆಯದ ಗೋಧಿಗಳು. ಚಿರೋಟಿ ರವೆ, ಬನ್ಸಿ ರವೆ, ಪ್ಯಾಕೆಟ್ ಶ್ಯಾವಿಗೆ ಎಲ್ಲ ಗೋಧಿಯೇ. ಹಾಗಾಗಿ ರವೆ ಇಡ್ಲಿ, ಕೇಸರಿಬಾತ್, ಸತ್ಯನಾರಾಯಣ ಪೂಜೆಯ ಸಪಾದ ಪ್ರಸಾದ ದೂರ. ಮದ್ದೂರು ವಡೆ, ಗೋಳಿಬಜೆ, ಹೋಳಿಗೆ ಗೊತ್ತೇ ಇದೆ. ಕೋಡುಬಳೆ, ನಿಪ್ಪಟ್ಟಿಗೆ ಅಕ್ಕಿ ಹಿಟ್ಟಿನ ಜೊತೆ ಮೈದಾ ಅಥವಾ ರವೆ ಸೇರಿಸುವವರು ಬಹಳ. ಉತ್ತರ ಕರ್ನಾಟಕದ ಜವೆ ಗೋಧಿ, ಖಪ್ಲಿ ಗೋಧಿ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಮಾರಾಟವಾಗುತ್ತವೆ, ಇರಬಹುದು, ಆದರೆ ಅವುಗಳಲ್ಲಿ ಗ್ಲುಟೆನ್ ಇದೆ. ಉರಿಮೂತ್ರಕ್ಕೆ ಮನೆಮದ್ದಾಗಿ ಕುಡಿಯುವ ಬಾರ್ಲಿ ನೀರನ್ನು ಅನೇಕರು ಮರೆತೇಬಿಡುತ್ತಾರೆ. ಹಾಲಿಗೆ ಬೆರೆಸುವ ಬಾರ್ಲಿ ಮಾಲ್ಟ್ ಪುಡಿಗಳು, ಹತ್ತಾರು ಧಾನ್ಯ ಸೇರಿಸಿದ ಹೆಲ್ತ್ ಮಿಕ್ಸ್, ಬಿಯರ್, ಗೋಬಿ ಮಂಚೂರಿಯ ಸೋಯಾ ಸಾಸ್ ಇದೇ ಸಾಲಿಗೆ ಸೇರಿದವು. ಚರ್ಚಿನ ಪರಮಪ್ರಸಾದದ ಅಪ್ಪವೂ ಗೋಧಿಯದೇ. ಗುರುಗಳಿಗೆ ಮುಂಚೆಯೇ ಹೇಳಿ ಬೇರೆ ವ್ಯವಸ್ಥೆ ಕೇಳಿ. ಸಾಮಾನ್ಯ ಓಟ್ಸ್‌ಗೆ ಗೋಧಿ ಬೆರೆತಿರುತ್ತದೆ. ಗ್ಲುಟೆನ್ ಫ್ರೀ ಓಟ್ಸ್ ಕೂಡ ಕೆಲವರಿಗೆ ಆಗುವುದಿಲ್ಲ, ಆದ್ದರಿಂದ ಹುಡುಕಾಟ ಮುಗಿಯುವ ತನಕ ಅದನ್ನೂ ನಿಲ್ಲಿಸಿ.

ಪ್ಯಾಕೆಟ್ ಹಿಂಭಾಗದಲ್ಲಿ ವೀಟ್, ಬಾರ್ಲಿ, ಮಾಲ್ಟ್ ಎಕ್ಸ್‌ಟ್ರಾಕ್ಟ್, ಸೆಮೊಲಿನಾ ಎಂಬ ಪದಗಳನ್ನು ಹುಡುಕಿ. ಅಲರ್ಜಿ ಎಚ್ಚರಿಕೆಯ ಸಾಲನ್ನು ಪ್ರತಿ ಸಲ ಓದಿ, ಯಾಕೆಂದರೆ ಅದೇ ಕಂಪನಿ ಅದೇ ತಿಂಡಿಯ ಸಾಮಗ್ರಿ ಬದಲಿಸುತ್ತಿರುತ್ತದೆ. ಮಾಲ್ಟೊಡೆಕ್ಸ್‌ಟ್ರಿನ್ ಎಂದಿದ್ದರೆ ಹೆದರಬೇಕಿಲ್ಲ. ಹೆಸರಲ್ಲಿ ಮಾಲ್ಟ್ ಇದ್ದರೂ ಅದು ಬೇರೆ.

ಹೋಟೆಲಿನಲ್ಲಿ "ಗ್ಲುಟೆನ್ ಇದೆಯಾ?" ಎಂದು ಕೇಳಿದರೆ "ಇಲ್ಲ ಸಾರ್" ಎಂಬ ಉತ್ತರವೇ ಬರುತ್ತದೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದಲ್ಲಿ ಈ ಕಾಯಿಲೆ ಬಹಳ ಕಡಿಮೆ, ಹಾಗಾಗಿ ಪದವೇ ಪರಿಚಯವಿಲ್ಲ. ಹೀಗೆ ಕೇಳಿ: "ದೋಸೆ ಹಿಟ್ಟಿಗೆ ಮೈದಾ, ರವೆ ಏನಾದ್ರೂ ಹಾಕ್ತೀರಾ? ವಡೆ ಕರಿಯೋ ಎಣ್ಣೇಲೇ ಪೂರಿನೂ ಕರೀತೀರಾ? ಸಾಂಬಾರಿಗೆ ಇಂಗು ಹಾಕಿದೀರಾ?" ದೋಸೆ ಗರಿಗರಿಯಾಗಲೆಂದು ಒಂದು ಹಿಡಿ ರವೆ ಹಾಕುವುದು ಹಲವು ಕಡೆ ವಾಡಿಕೆ. ಹಬೆಯಲ್ಲಿ ಬೆಂದ ಅಕ್ಕಿ ಇಡ್ಲಿ, ಕಾಯಿ ಚಟ್ನಿ ಇದ್ದುದರಲ್ಲಿ ಕ್ಷೇಮ, ಅದೂ ಚಟ್ನಿಯ ಒಗ್ಗರಣೆ ವಿಚಾರಿಸಿ. ಖಾನಾವಳಿಯ ಜೋಳದ ರೊಟ್ಟಿ ಚಪಾತಿಯ ಹಂಚಿನಲ್ಲೇ ಬೇಯುತ್ತಿಲ್ಲವೇ ನೋಡಿ.

ಎರಡು ತಿಂಗಳು ಇಷ್ಟು ಬಿಗಿ ಮಾಡಿ. ಶುರುವಿನಲ್ಲೊಮ್ಮೆ, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಟಿಟಿಜಿ ಐಜಿಎ ಮಾಡಿಸಿ, ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ. ಲ್ಯಾಬಿನಿಂದ ಲ್ಯಾಬಿಗೆ ಅಂಕಿಗಳನ್ನು ಹೋಲಿಸಲಾಗದು. ಮಟ್ಟ ಮೊದಲಿಗಿಂತ ಏರಿದ್ದರೆ ಗ್ಲುಟೆನ್ ಒಳಗೆ ಹೋಗುತ್ತಿದೆ ಎಂದರ್ಥ. ಆದರೆ ಸಾಮಾನ್ಯ ಮಟ್ಟ ಬಂದ ಮಾತ್ರಕ್ಕೆ ಕರುಳು ಪೂರ್ತಿ ವಾಸಿಯಾಗಿದೆ ಎಂದೇನಲ್ಲ, ಸಣ್ಣ ಪ್ರಮಾಣದ ಗ್ಲುಟೆನ್ ಅನ್ನು ಈ ಪರೀಕ್ಷೆ ಹಿಡಿಯದೇ ಇರಬಹುದು. ರಕ್ತದಲ್ಲಿ ಐಜಿಎ ಬಗೆಯ ಪ್ರತಿಕಾಯವೇ ಕಡಿಮೆ ಇರುವವರಲ್ಲಿ ಇದು ಸುಳ್ಳಾಗಿ ಸಾಮಾನ್ಯ ಎಂದು ತೋರಿಸುತ್ತದೆ. ಅವರಿಗೆ ಐಜಿಜಿ ಎಂಬ ಇನ್ನೊಂದು ಬಗೆಯ ಪ್ರತಿಕಾಯದ ಪರೀಕ್ಷೆ ಬೇಕು.

ಹಾಲು

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅನ್ನು ಒಡೆಯುವ ಕಿಣ್ವ ಇರುವುದು ವಿಲ್ಲೈಗಳ ತುದಿಯಲ್ಲಿ. ತುದಿ ಸವೆದಾಗ ಮೊದಲು ಹೋಗುವುದೂ ಅದೇ, ಕೊನೆಗೆ ಮರಳುವುದೂ ಅದೇ. ಹಾಲು ಕುಡಿದು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಹೊಟ್ಟೆ ಗುಡುಗುಟ್ಟಿ ಭೇದಿಯಾಗುತ್ತಿದ್ದರೆ ಎರಡು ವಾರ ಹಾಲು, ಕಾಫಿ ಟೀಗೆ ಹಾಕುವ ಹಾಲು, ಪೇಡ, ಖೋವಾ, ಪಾಯಸ ನಿಲ್ಲಿಸಿ ನೋಡಿ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ, ಬಿಡಬೇಕಿಲ್ಲ. ಚೆನ್ನಾಗಿ ಹೆಪ್ಪಾದ ಮೊಸರು, ನೀರು ಮಜ್ಜಿಗೆ ಹಲವರಿಗೆ ಒಗ್ಗುತ್ತದೆ. ಗುಣ ಕಂಡರೆ ಆರು ತಿಂಗಳ ನಂತರ ಊಟದ ಜೊತೆ 50 ಮಿಲಿ ಹಾಲಿನಿಂದ ಶುರುಮಾಡಿ, ಎರಡು ದಿನಕ್ಕೊಮ್ಮೆ ದುಪ್ಪಟ್ಟು ಮಾಡುತ್ತ 200 ಮಿಲಿಗೆ ತಲುಪಿ. ಅಷ್ಟು ಹಾಲಿನಲ್ಲಿ ಸುಮಾರು 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ, ಎಲ್ಲಿ ತೊಂದರೆ ಶುರುವಾಗುತ್ತದೋ ಅದೇ ನಿಮ್ಮ ಗಡಿ. ದೊಡ್ಡವರಾದ ಮೇಲೆ ಹಾಲು ಒಗ್ಗದಿರುವುದು ನಮ್ಮ ಕಡೆ ಸಾಮಾನ್ಯ. ಹಾಗಾಗಿ ಕರುಳು ವಾಸಿಯಾದರೂ ಅದು ಉಳಿಯಬಹುದು. ಹಾಲು ಬಿಟ್ಟ ಅವಧಿಯಲ್ಲಿ ಕ್ಯಾಲ್ಸಿಯಂಗೆ ರಾಗಿಯೇ ಗತಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚಿದೆ.

ಗ್ಯಾಸು, ಉಬ್ಬರ, ಮಲಬದ್ಧತೆ

ಟಿಟಿಜಿ ಇಳಿದಿದೆ, ಹಾಲಿನ ಪರೀಕ್ಷೆಯೂ ಆಯಿತು, ಆದರೂ ಸಂಜೆಯಾದರೆ ಹೊಟ್ಟೆ ಉಬ್ಬುತ್ತದೆ ಎಂದರೆ ಬೇಳೆ, ಕಡಲೆ, ಹುರುಳಿ, ಈರುಳ್ಳಿ, ಬೆಳ್ಳುಳ್ಳಿ, ಸೇಬು, ಮಾವಿನತ್ತ ನೋಡಿ. ಇವುಗಳಲ್ಲಿ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಹೋಗಿ ಹುದುಗುವ ಸಕ್ಕರೆಗಳಿವೆ. ಗೋಧಿ ಬಿಟ್ಟವರು ಆ ಜಾಗಕ್ಕೆ ಕಡಲೆಹಿಟ್ಟು, ಹೆಸರುಬೇಳೆ ತುಂಬುವುದರಿಂದ ಸಮಸ್ಯೆ ಹೆಚ್ಚುತ್ತದೆ. ಕಾಳನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಬೇಯಿಸಿದ ನೀರನ್ನೂ ಬಸಿಯಿರಿ. ಈ ಸಕ್ಕರೆಗಳು ನೀರಿಗೆ ಇಳಿಯುತ್ತವೆ. ಆದ್ದರಿಂದ ಬಸ್ಸಾರಿನ ಕಟ್ಟು ಮನೆಯವರಿಗೆ, ಬಸಿದ ಕಾಳಿನ ಪಲ್ಯ ನಿಮಗೆ. ಎಣ್ಣೆಗೆ ಮಾತ್ರ ಇಳಿಯುವುದಿಲ್ಲ. ಇಡೀ ಬೆಳ್ಳುಳ್ಳಿ ಎಸಳನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದು ಎಸಳು ತೆಗೆದುಬಿಟ್ಟರೆ ಪರಿಮಳ ಉಳಿಯುತ್ತದೆ, ಗ್ಯಾಸು ಹೋಗುತ್ತದೆ. ಈರುಳ್ಳಿ ಬಿಟ್ಟವರು ರುಚಿಗೆಂದು ಇಂಗು ಹೆಚ್ಚಿಸುತ್ತಾರೆ, ಹುಷಾರು, ಮೇಲಿನ ಲೆಕ್ಕ ನೆನಪಿರಲಿ. ಈ ಪಥ್ಯ ನಾಲ್ಕರಿಂದ ಆರು ವಾರ ಮಾತ್ರ, ಆಮೇಲೆ ಒಂದೊಂದನ್ನೇ ಮೂರು ದಿನಕ್ಕೊಮ್ಮೆ ಮರಳಿ ಸೇರಿಸಬೇಕು. ಡಯಟಿಷಿಯನ್ ಜೊತೆಗಿದ್ದರೆ ಉತ್ತಮ.

ಮಲಬದ್ಧತೆಗೆ ಕಾರಣ ಹೆಚ್ಚಾಗಿ ಬಿಳಿ ಅನ್ನ, ಸಬ್ಬಕ್ಕಿ, ಗ್ಲುಟೆನ್ ಫ್ರೀ ಬಿಸ್ಕತ್ತು. ಒಂದು ಹೊತ್ತಿನ ಅನ್ನದ ಬದಲು ರಾಗಿ, ಜೋಳ, ನವಣೆ, ಸಾಮೆ ತನ್ನಿ, ಆದರೆ ವಾರಕ್ಕೊಂದು ಬದಲಾವಣೆ ಸಾಕು; ಒಮ್ಮೆಗೇ ಮೂರು ಹೊತ್ತೂ ಮುದ್ದೆ ಎಂದರೆ ಹೊಟ್ಟೆ ಕಲ್ಲಾಗುತ್ತದೆ. ರಾತ್ರಿ ಒಂದು ಚಮಚ ಇಸಬ್ಗೋಲ್ ಅನ್ನು ಲೋಟ ತುಂಬ ನೀರಿಗೆ ಹಾಕಿ ಕೂಡಲೇ ಕುಡಿಯಬಹುದು. ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಅದೂ ಮಲ ಗಟ್ಟಿ ಮಾಡುತ್ತದೆ, ವೈದ್ಯರಿಗೆ ಹೇಳಿ ಬದಲಿಸಿಕೊಳ್ಳಿ.

ತಪ್ಪಿ ಗ್ಲುಟೆನ್ ಹೋದ ದಿನ

ಗ್ಲುಟೆನ್ ಅನ್ನು ಕರಗಿಸುತ್ತದೆ ಎಂದು ಮಾರುವ ಮಾತ್ರೆಗಳನ್ನು ನಂಬಬೇಡಿ. ವಾಂತಿ ಮಾಡಿಸಿಕೊಳ್ಳುವುದೂ ಬೇಡ. ಭೇದಿಯಿದ್ದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿ, ಮೆತ್ತಗಿನ ಅನ್ನ, ಬಾಳೆಹಣ್ಣು ಸಾಕು. ಕೆಲವರಿಗೆ ಒಂದೆರಡು ಗಂಟೆಯಲ್ಲೇ ವಾಂತಿ, ಕೆಲವರಿಗೆ ಮರುದಿನದಿಂದ ಮೂರ್ನಾಲ್ಕು ದಿನ ಸುಸ್ತು. ಏನು ತಿಂದಿರೆಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ.

ವೈದ್ಯರ ಬಳಿ ಏನು ಕೇಳಬೇಕು

ಇಷ್ಟಾದರೂ ನಿಲ್ಲದಿದ್ದರೆ ಲಕ್ಷಣವೇ ದಾರಿ ತೋರಿಸುತ್ತದೆ. ಎಣ್ಣೆಯಂಥ, ದುರ್ವಾಸನೆಯ, ತೇಲುವ ಮಲವಾದರೆ ಮೇದೋಜ್ಜೀರಕ ಗ್ರಂಥಿಯ ಕಿಣ್ವ ಕಡಿಮೆಯಾಗಿರಬಹುದು. ಆ ಗ್ರಂಥಿಯ ಇಲಾಸ್ಟೇಸ್ ಎಂಬ ಕಿಣ್ವವನ್ನು ಮಲದಲ್ಲಿ ಅಳೆದಾಗ ಗ್ರಾಂಗೆ 200 ಮೈಕ್ರೋಗ್ರಾಂಗಿಂತ ಕಡಿಮೆ ಬಂದರೆ ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ಕೊಡುತ್ತಾರೆ. ರಕ್ತವಿಲ್ಲದ ನೀರು ಭೇದಿ, ಅದರಲ್ಲೂ ರಾತ್ರಿಯದು, ನಡುವಯಸ್ಸು ದಾಟಿದ ಹೆಂಗಸರಲ್ಲಿ ಕಂಡರೆ ಮೈಕ್ರೋಸ್ಕೋಪಿಕ್ ಕೊಲೈಟಿಸ್ ಎಂಬ ದೊಡ್ಡ ಕರುಳಿನ ಉರಿಯೂತದ ಅನುಮಾನ ಬರಬೇಕು. ಕೊಲೊನೋಸ್ಕೋಪಿಯಲ್ಲಿ ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ, ಬಯಾಪ್ಸಿ, ಅಂದರೆ ಪರೀಕ್ಷೆಗೆ ಒಳಪದರದ ಚೂರು, ತೆಗೆಯದೆ ಗೊತ್ತಾಗುವುದಿಲ್ಲ. ಊಟವಾದ ಕೂಡಲೇ ಉಬ್ಬರ ಮತ್ತು ಭೇದಿ ಎಂದರೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಿರಬಹುದು, ಉಸಿರಿನ ಪರೀಕ್ಷೆ ಇದೆ. ಪಿತ್ತಕೋಶ ತೆಗೆಸಿಕೊಂಡವರಿಗೆ ಪಿತ್ತಾಮ್ಲದಿಂದಲೂ ಭೇದಿಯಾಗುತ್ತದೆ. ಥೈರಾಯ್ಡ್ ಪರೀಕ್ಷೆ ಮಾಡಿಸಿ, ಸೀಲಿಯಾಕ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚು. ಜಿಯಾರ್ಡಿಯಾದಂಥ ಸೋಂಕಿಗೆ ಮಲ ಪರೀಕ್ಷೆಯೂ ಆಗಲಿ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಭೇದಿ ಮಾಡುತ್ತದೆ ಎಂಬುದನ್ನೂ ನೆನಪಿಸಿ.

ಕೆಲವರಲ್ಲಿ ಕಾಯಿಲೆಯೇ ಸೀಲಿಯಾಕ್ ಆಗಿರುವುದಿಲ್ಲ. ಟಿಟಿಜಿ ಮೊದಲಿಂದಲೂ ಸಾಮಾನ್ಯವಿದ್ದು, ಬಯಾಪ್ಸಿ ಒಂದರ ಮೇಲೆ ನಿರ್ಧಾರವಾಗಿದ್ದರೆ ಮರುಪರಿಶೀಲನೆ ಕೇಳುವುದು ನಿಮ್ಮ ಹಕ್ಕು. ದಕ್ಷಿಣ ಭಾರತದಲ್ಲಿ ಹಿಂದಿನಿಂದಲೂ ಕಾಣುವ ಟ್ರಾಪಿಕಲ್ ಸ್ಪ್ರೂ ಕೂಡ ವಿಲ್ಲೈಗಳನ್ನು ಸವೆಸುತ್ತದೆ; ಅದಕ್ಕೆ ಪಥ್ಯವಲ್ಲ, ಕೆಲವು ತಿಂಗಳ ಆ್ಯಂಟಿಬಯಾಟಿಕ್ ಮತ್ತು ಫೋಲಿಕ್ ಆಮ್ಲವೇ ಮದ್ದು. ಬಿಪಿಗೆ ಕೊಡುವ ಓಲ್ಮೆಸಾರ್ಟಾನ್ ಮಾತ್ರೆಯಿಂದಲೂ ಹೀಗೆಯೇ ಕರುಳು ಕೆಡುವುದುಂಟು. ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಎಚ್‌ಎಲ್‌ಎ ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿ ಪರೀಕ್ಷೆಯಲ್ಲಿ ಎರಡೂ ಇಲ್ಲವೆಂದಾದರೆ ಸೀಲಿಯಾಕ್ ಇರುವ ಸಾಧ್ಯತೆ ತೀರಾ ಕಡಿಮೆ. ಇದ್ದ ಮಾತ್ರಕ್ಕೆ ಕಾಯಿಲೆ ಇದೆ ಎಂದಲ್ಲ.

ಒಂದು ವರ್ಷ ಬಿಗಿಯಾದ ಪಥ್ಯ ಮಾಡಿಯೂ ಭೇದಿ, ತೂಕ ಇಳಿಕೆ ಉಳಿದು, ಮರುಬಯಾಪ್ಸಿಯಲ್ಲಿ ವಿಲ್ಲೈ ಸವೆದೇ ಇದ್ದರೆ ಅದನ್ನು ರಿಫ್ರಾಕ್ಟರಿ ಸೀಲಿಯಾಕ್ ಎನ್ನುತ್ತಾರೆ. ಅಪರೂಪದ್ದು, ಆದರೆ ಅದರ ಎರಡನೇ ಬಗೆ ಕರುಳಿನ ಲಿಂಫೋಮಾ ಎಂಬ ಕ್ಯಾನ್ಸರ್‌ಗೆ ತಿರುಗುವ ಅಪಾಯವಿರುವುದರಿಂದ ದೊಡ್ಡ ಆಸ್ಪತ್ರೆಯಲ್ಲೇ ನೋಡಿಸಬೇಕು. ಹೋಗುವಾಗ ಮೊದಲ ಬಯಾಪ್ಸಿಯ ವರದಿಯಷ್ಟೇ ಅಲ್ಲ, ಸಾಧ್ಯವಾದರೆ ಆ ಸ್ಲೈಡುಗಳನ್ನೂ ಲ್ಯಾಬಿನಿಂದ ಕೇಳಿ ಪಡೆದುಕೊಳ್ಳಿ. ಟಿಟಿಜಿ ವರದಿಗಳನ್ನು ತಾರೀಖಿನ ಸಾಲಿನಲ್ಲಿ ಜೋಡಿಸಿ, ತಿನ್ನುವ ಪ್ಯಾಕೆಟ್ಟುಗಳ ಹಿಂಭಾಗದ ಫೋಟೋ ಫೋನಿನಲ್ಲಿಟ್ಟುಕೊಳ್ಳಿ.